ನಾನೇ ವಿಚಾರಿಸಿದ್ದೇನೆ

ನನ್ನ ತಂಗಿಗೆ ಮದುವೆಯಾಗಲಿಲ್ಲ. ಜಾತಕ ಸರಿಯಿಲ್ಲ, ವಯಸ್ಸು ಮೀರಿತು, ಅಮ್ಮನ ಕಾಯಿಲೆ ಎಂದು ಊರಿನವರು ಒಂದೊಂದು ಕಾರಣ ಹೇಳುತ್ತಾರೆ. ನನಗೆ ಗೊತ್ತಿರುವ ಕಾರಣ ಒಂದೇ. ಒಮಾನಿನ ಒಂದು ಅಡುಗೆಮನೆಯಲ್ಲಿ ಕುಳಿತು ನಾನು ಕ್ಯಾಸೆಟ್ಟಿನಲ್ಲಿ ಆಡಿದ ಮಾತು.

ಆ ಮಾತನ್ನು ಏನೆಂದು ಕರೆಯಬೇಕೆಂದು ನನಗೆ ಬಹಳ ವರ್ಷ ತಿಳಿದಿರಲಿಲ್ಲ. ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ, ಅದೂ ಕನ್ನಡ ಶಾಲೆಯಲ್ಲಿ. ಆಮೇಲೆ ಬೀಡಿ ಕಟ್ಟಲು ಕುಳಿತವಳು. ನನ್ನ ಬಳಿ ಇದ್ದದ್ದು ಎರಡೇ ಡಬ್ಬಿ: ಒಂದು ತಪ್ಪು, ಇನ್ನೊಂದು ಸುಳ್ಳು. ನಾನು ಮಾಡಿದ್ದನ್ನು ತಪ್ಪಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಇಟ್ಟುಬಿಟ್ಟಿದ್ದೆ. ಮುಚ್ಚಳ ತೆಗೆಸಿದ್ದು ಮಗಳ ಇಂಗ್ಲಿಷ್ ಹೋಂವರ್ಕು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ಗಂಡ ಮಸ್ಕತ್ತಿನಿಂದ ಆಚೆ ಅಲ್ ಖೌದ್‌ನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಹತ್ತಿರದಲ್ಲೇ ದೊಡ್ಡ ವಿಶ್ವವಿದ್ಯಾಲಯ ಆಗಷ್ಟೇ ಶುರುವಾಗಿತ್ತು. ಪೈಪು, ನಲ್ಲಿ, ಬಲ್ಬುಗಳಿಗೆ ಬಿಡುವಿಲ್ಲದ ವ್ಯಾಪಾರ. ಮೆಸ್ಸಿನ ಊಟದಿಂದ ಅವರಿಗೆ ಹೊಟ್ಟೆಹುಣ್ಣಾಗಿ, ಅಂಗಡಿಯ ಒಡೆಯನಾದ ಅರಬಿ ಕಫೀಲ್ ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟಾಗ ನನ್ನನ್ನು ಕರೆಸಿಕೊಂಡರು. ಇಂಡಿಯನ್ ಶಾಲೆ ಅಲ್ಲಿಂದ ದೂರ, ಹೋಗಿಬರಲು ಬಸ್ಸಿಲ್ಲ. ಹಾಗಾಗಿ ನಮ್ಮ ಒಬ್ಬಳೇ ಮಗಳು, ಆಗಿನ್ನೂ ಐದು ವರ್ಷದವಳು, ಊರಿನಲ್ಲಿ ನನ್ನ ಅಮ್ಮ ಮತ್ತು ತಂಗಿಯ ಹತ್ತಿರ ಉಳಿದಳು. ಅಮ್ಮನಿಗೆ ಮಂಡಿನೋವು. ಮಗುವನ್ನು ಎಬ್ಬಿಸುವುದು, ಮೀಯಿಸುವುದು, ಜಡೆ ಹಾಕಿ ಶಾಲೆಗೆ ಬಿಡುವುದು ಎಲ್ಲ ತಂಗಿಯೇ. ನಡುನಡುವೆ ಬೀಡಿ ಕಟ್ಟುತ್ತಿದ್ದಳು.

ಮನೆಯಲ್ಲಿ ಫೋನಿರಲಿಲ್ಲ. ಕಾಗದ ಬರೆಯುವುದೆಂದರೆ ನನಗೆ ಕೈ ಬೆವರುತ್ತಿತ್ತು. ಆಗ ನಮ್ಮಂಥವರಿಗೆಲ್ಲ ಕ್ಯಾಸೆಟ್ಟೇ ಗತಿ. ಟೇಪ್ ರೆಕಾರ್ಡರಿನ ಎದುರು ಕುಳಿತು ಮಾತಾಡುವುದು, ಊರಿಗೆ ಹೋಗುವವರ ಕೈಯಲ್ಲಿ ಹಾಲಿನ ಪುಡಿ, ಟಾರ್ಚಿನ ಜೊತೆ ಕಳಿಸುವುದು. ಊರಿನಲ್ಲಿ ಕ್ಯಾಸೆಟ್ ಬಂತೆಂದರೆ ಅಕ್ಕಪಕ್ಕದವರೂ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಕೇಳಿ ಮುಗಿದ ಮೇಲೆ ಅದರ ಮೇಲೆಯೇ ತಮ್ಮ ಮಾತು ತುಂಬಿಸಿ, ಬರುವವರ ಕೈಯಲ್ಲಿ ಒಣಮೀನು, ಉಪ್ಪಿನಕಾಯಿಯ ಜೊತೆ ವಾಪಸು ಕಳಿಸುತ್ತಿದ್ದರು. ಹೋದ ಕ್ಯಾಸೆಟ್ಟೇ ಮರಳಿ ಬರುತ್ತಿತ್ತು. ನಮ್ಮ ಸ್ವರ ಅಳಿಸಿಹೋಗಿ ಅಲ್ಲಿ ಅವರ ಸ್ವರ ಇರುತ್ತಿತ್ತು. ನಾವು ಆಡಿದ್ದು ನಮಗೆ ಮತ್ತೆ ಕೇಳಿಸುತ್ತಿರಲಿಲ್ಲ.

ಒಂದು ಸಲ ಹಾಗೆ ಬಂದ ಕ್ಯಾಸೆಟ್ಟಿನಲ್ಲಿ ಅಮ್ಮನ ಸ್ವರದಲ್ಲಿ ಹುರುಪಿತ್ತು.

"ಮಗಾ, ತಂಗಿಗೆ ಒಂದು ಒಳ್ಳೆ ಸಂಬಂಧ ಬಂದುಂಟು. ಹೊಳೆಯಾಚೆಯವರು, ನಮ್ಮವರೇ. ಹುಡುಗ ಅಲ್ಲೇ ಒಮಾನಿನಲ್ಲಿರುವುದು, ಖಸಬ್ ಅಂತ. ನಿಮಗೆ ಹತ್ತಿರವೇ ಅಲ್ವಾ? ಒಮ್ಮೆ ವಿಚಾರಿಸಿ ಹೇಳು. ನೀನು ಹೂಂ ಅಂದ್ರೆ ನಾವು ಮುಂದೆ ಹೋಗ್ತೇವೆ."

ಅಮ್ಮನ ಮಾತಿನ ಹಿಂದೆ ತಂಗಿ ಕೆಮ್ಮಿದ್ದು ಕೇಳಿಸಿತು. ಅವಳು ಸುಮ್ಮನೆ ಕೆಮ್ಮುವವಳಲ್ಲ.

ಇದು ನಮ್ಮಲ್ಲಿ ನಡೆದುಕೊಂಡು ಬಂದ ಕ್ರಮ. ಗಲ್ಫ್ ಹುಡುಗನ ಮನೆ, ಬಾವಿ, ಅಣ್ಣತಮ್ಮಂದಿರನ್ನು ಊರಿನಲ್ಲಿ ನೋಡಬಹುದು. ಅವನ ಗಲ್ಫನ್ನು ಯಾರು ನೋಡುತ್ತಾರೆ? ಹೆಲ್ಪರ್ ಆಗಿದ್ದವನು ಊರಿಗೆ ಹೋದಾಗ ಸೂಪರ್‌ವೈಸರ್ ಆಗುತ್ತಾನೆ. ಅದಕ್ಕೆ ಹೆಣ್ಣಿನ ಕಡೆಯವರು ಗಲ್ಫಿನಲ್ಲಿರುವ ತಮ್ಮ ಪೈಕಿಯವರಿಗೆ ಹೇಳಿ ಕಳಿಸುತ್ತಾರೆ. ಅವರು ಹೋಗಿ ನೋಡಿ, ಕೇಳಿ, ಒಂದು ಮಾತು ಹೇಳಬೇಕು. ಆ ಒಂದು ಮಾತಿನ ಮೇಲೆ ಬೇರೆ ಮಾತಿಲ್ಲ. ಆ ಸಲ ಅದನ್ನು ಹೇಳಬೇಕಾದವಳು ನಾನು.

ಖಸಬ್ ನಮಗೆ ಹತ್ತಿರವಲ್ಲ. ಅದು ಒಮಾನಿನ ತುತ್ತತುದಿ. ರಸ್ತೆಯಲ್ಲಿ ಹೋಗುವುದಾದರೆ ನಡುವೆ ಇನ್ನೊಂದು ದೇಶ ದಾಟಬೇಕು, ವೀಸಾ ಬೇಕು. ಅಮ್ಮನಿಗೆ ಅದೆಲ್ಲ ಗೊತ್ತಿರಲಿಲ್ಲ. ಆಗ ನನಗೂ ಅಷ್ಟಾಗಿ ಗೊತ್ತಿರಲಿಲ್ಲ.

ಶುಕ್ರವಾರ ರಜೆ. ತುಳು ಮಾತಾಡುವ ನಾಲ್ಕೈದು ಮನೆಯವರು ಒಂದು ಕಡೆ ಸೇರಿ ಊಟ ಮಾಡುವುದಿತ್ತು. ಆ ವಾರ ನಮ್ಮ ಮನೆಯಲ್ಲೇ ಕೋಳಿಸಾರು, ನೀರುದೋಸೆ. ಸಂಬಂಧದ ಸುದ್ದಿ ನಾನೇ ತೆಗೆದೆ. ಬಂದವರಲ್ಲಿ ಲಾರಿ ಕಂಪೆನಿಯಲ್ಲಿದ್ದ ಒಬ್ಬ ಅಣ್ಣ ದೋಸೆ ಹರಿಯುತ್ತಿದ್ದವರು ಕೈ ನಿಲ್ಲಿಸಿದರು.

"ಖಸಬ್‌ನಲ್ಲಾ? ಅಲ್ಲಿ ನಮ್ಮವರಿಗೆ ಎಂತ ಕೆಲಸ? ಅಲ್ಲಿ ಇರುವುದೇ ದೋಣಿ ಬಿಸಿನೆಸ್. ಬೆಳಿಗ್ಗೆ ಸಮುದ್ರದಾಚೆಯಿಂದ ಆಡು ಬರ್ತದೆ, ಸಂಜೆ ಈಚೆಯಿಂದ ಸಿಗರೇಟು ಹೋಗ್ತದೆ. ಎಲ್ಲ ಕಳ್ಳಮಾಲು."

"ಹಾಗಾದ್ರೆ ಮದುಮಗನಿಗೆ ಸಂಬಳ ರಿಯಾಲಾ, ಸಿಗರೇಟಾ?" ಎಂದು ಇನ್ನೊಬ್ಬರು ನಗಿಸಿದರು.

"ನಗ್ಬೇಡಿ ಮಾರಾಯ್ರೆ. ಒಂದು ದಿನ ಸಮುದ್ರದಲ್ಲಿ ಹಿಡಿದ್ರೆ ಖಲಾಸ್. ಮದುಮಗಳು ಊರಲ್ಲಿ, ಮದುಮಗ ಆಚೆ ಜೈಲಿನಲ್ಲಿ."

"ನೀವು ನೋಡಿದ್ದೀರಾ ಅಣ್ಣ?" ನನ್ನ ಗಂಡ ಕೇಳಿದರು.

"ನೋಡುವುದು ಎಂತದ್ದು? ಎಲ್ಲರಿಗೂ ಗೊತ್ತುಂಟಲ್ಲ!"

ಎಲ್ಲರೂ ಹೋದ ಮೇಲೆ ಗಂಡ ಹೇಳಿದರು, "ನಮ್ಮ ಅಂಗಡಿಯ ಸಾಮಾನು ಖಸಬ್‌ಗೆ ಹೋಗ್ತದೆ. ಮುಂದಿನ ಲೋಡಿನ ಡ್ರೈವರ್ ಹತ್ರ ಹುಡುಗನನ್ನು ನೋಡಿಕೊಂಡು ಬರ್ಲಿಕ್ಕೆ ಹೇಳ್ತೇನೆ. ಒಂದು ತಿಂಗಳು ಸುಮ್ಮನಿರು."

ನಾನು ಸುಮ್ಮನಿರಲಿಲ್ಲ. ಆ ವಾರವೇ ನೆರೆಯವರೊಬ್ಬರು ಊರಿಗೆ ಹೊರಟಿದ್ದರು, ಅದೊಂದು ನೆಪ. ನಿಜವಾದದ್ದು ಬೇರೆಯೇ ಇತ್ತು. ಮದುವೆಯಾದರೆ ತಂಗಿ ಹೊಳೆಯಾಚೆ ಹೋಗುತ್ತಾಳೆ. ಆಮೇಲೆ ನನ್ನ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ? ನಾನು ಊರಿಗೆ ಮರಳಬೇಕು, ಗಂಡ ಮತ್ತೆ ಮೆಸ್ಸಿಗೆ. ಇದನ್ನು ನಾನು ಮನಸ್ಸಿನಲ್ಲಿ ಇಷ್ಟು ಬಿಡಿಸಿ ಹೇಳಿಕೊಂಡಿರಲಿಲ್ಲ. ಬಿಡಿಸಿ ಹೇಳಿಕೊಂಡಿದ್ದರೆ ಬಹುಶಃ ನಾಚಿಕೆಯಾಗುತ್ತಿತ್ತು. ಕಳ್ಳಮಾಲು ಎಂಬ ಮಾತು ಕಿವಿಗೆ ಬಿದ್ದಾಗ ಎದೆಯಲ್ಲಿ ಹೆದರಿಕೆಯ ಜೊತೆ ಒಂದು ಹಗುರವೂ ಆಯಿತು ಎಂಬುದು ಮಾತ್ರ ನೆನಪಿದೆ.

ಮಧ್ಯಾಹ್ನ ಗಂಡ ಅಂಗಡಿಯಲ್ಲಿದ್ದಾಗ ರೆಕಾರ್ಡರನ್ನು ಅಡುಗೆಮನೆಗೆ ತಂದೆ. ಏಸಿಯ ಶಬ್ದ ತುಂಬಿಕೊಳ್ಳಬಾರದೆಂದು ಅದನ್ನು ನಿಲ್ಲಿಸಿದೆ. ಬೆವರು ಇಳಿಯುತ್ತಿತ್ತು. ಬಟನ್ ಒತ್ತಿ ಹೇಳಿದೆ: "ಅಮ್ಮಾ, ಆ ಖಸಬ್‌ನ ಸಂಬಂಧ ಬೇಡ. ಅವನದ್ದು ದೋಣಿಯಲ್ಲಿ ಕಳ್ಳಮಾಲಿನ ವ್ಯವಹಾರವಂತೆ."

ಹಿಂದಕ್ಕೆ ತಿರುಗಿಸಿ ಕೇಳಿದೆ. ಮಾತು ಸೊರಗಿತ್ತು. ಅಮ್ಮ ಬಿಡುವವಳಲ್ಲ, ಹಾಗಂತ ಯಾರು ಹೇಳಿದ್ದು, ನೀನು ಹೋಗಿ ನೋಡಿದ್ದೀಯಾ ಎಂದು ಮತ್ತೆ ಕೇಳಿ ಕಳಿಸುತ್ತಾಳೆ. ಟೇಪನ್ನು ಮತ್ತೆ ಅದೇ ಜಾಗಕ್ಕೆ ತಂದೆ. ಈ ಸಲ ಗಟ್ಟಿಯಾಗಿ ಹೇಳಿದೆ.

"ಅವನದ್ದು ಕಳ್ಳಮಾಲಿನ ವ್ಯವಹಾರ. ನಾನೇ ವಿಚಾರಿಸಿದ್ದೇನೆ."

ಏಸಿ ಹಾಕಿದೆ. ಅನ್ನಕ್ಕೆ ನೀರಿಟ್ಟೆ.

ಊರಿನಲ್ಲಿ ಆ ಕ್ಯಾಸೆಟ್ ಹಾಕುವಾಗ ಜಗಲಿಯಲ್ಲಿ ಸಂಬಂಧ ತಂದ ದಲ್ಲಾಳಿಯೂ ಕುಳಿತಿದ್ದನೆಂದು ಆಮೇಲೆ ತಿಳಿಯಿತು. ನಾನು ಅಮ್ಮನಿಗೆಂದು ಹೇಳಿದ್ದು ಸಂಜೆಯೊಳಗೆ ಹೊಳೆ ದಾಟಿತ್ತು. ಕ್ಯಾಸೆಟ್ಟಿನಲ್ಲಿ ಗುಟ್ಟು ಹೇಳಲಾಗುವುದಿಲ್ಲ ಎಂಬುದು ಗಲ್ಫಿನಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಮರಳಿ ಬಂದ ಕ್ಯಾಸೆಟ್ಟಿನಲ್ಲಿ ಅಮ್ಮ ಅಕ್ಕಿಯ ವಿಷಯ, ಮಂಡಿಯ ವಿಷಯ ಹೇಳಿದಳು. ಕೊನೆಗೆ ತಂಗಿ. "ಆಯ್ತು ಅಕ್ಕ. ನೀನು ವಿಚಾರಿಸಿದ್ದು ಒಳ್ಳೆದಾಯ್ತು. ಇಲ್ಲದಿದ್ರೆ ನನ್ನ ಗತಿ ಎಂತ ಆಗ್ತಿತ್ತೋ." ಆಮೇಲೆ ಮಗಳು ಇಂಗ್ಲಿಷಿನಲ್ಲಿ ಒಂದರಿಂದ ಹತ್ತು ಹೇಳಿದಳು. ಏಳರ ಹತ್ತಿರ ತಡವರಿಸಿದಾಗ ತಂಗಿ ಪಿಸುಗುಟ್ಟಿ ಹೇಳಿಕೊಟ್ಟದ್ದು ಕೇಳಿಸಿತು.

ಗಂಡ ನನ್ನ ಮುಖ ನೋಡಿದರು. "ನೀನು ಎಲ್ಲಿ ವಿಚಾರಿಸಿದ್ದು?"

"ಆ ಶುಕ್ರವಾರ ಹೇಳಿದ್ರಲ್ಲ."

ಅವರು ರೆಕಾರ್ಡರ್ ಆಫ್ ಮಾಡಿ ಅಂಗಡಿಗೆ ಇಳಿದುಹೋದರು. ಆಮೇಲೆ ಡ್ರೈವರಿನ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ, ಯಾರೋ ಹೇಳಿದ್ದನ್ನು ನಂಬಿ ಮೋಸಹೋದೆ ಎನ್ನಬಹುದಿತ್ತು. ನಿಲ್ಲಲಿಲ್ಲ. ಮರುವರ್ಷದ ಚಳಿಗಾಲ, ಒಂದು ರಜೆಯ ದಿನ ನಮ್ಮ ಕಡೆಯವರೆಲ್ಲ ಸಮುದ್ರದ ದಂಡೆಗೆ ಪಿಕ್ನಿಕ್ ಹೋಗಿದ್ದೆವು. ಉಡುಪಿ ಕಡೆಯ ಕೊಂಕಣಿ ಮಾತಾಡುವ ಹೆಂಗಸೊಬ್ಬರು ನನ್ನ ಪಕ್ಕದಲ್ಲಿ ಕುಳಿತರು. ಅವರ ಗಂಡ ಮೀನಿನ ಕಂಪೆನಿಯ ಲೆಕ್ಕ ಬರೆಯುವವರು, ಹಿಂದಿನ ತಿಂಗಳವರೆಗೆ ಖಸಬ್‌ನಲ್ಲೇ ಇದ್ದವರು. ಖಸಬ್ ಎಂದು ಕೇಳಿದ್ದೇ, ಬಾಯಿ ತಡೆಯದೆ ಹೊಳೆಯಾಚೆಯ ಆ ಹುಡುಗನ ಬಗ್ಗೆ ಕೇಳಿಬಿಟ್ಟೆ.

"ಅವನಾ? ಐಸ್ ಫ್ಯಾಕ್ಟರಿಯಲ್ಲಿದ್ದಾನಲ್ಲ, ಉದ್ದದವ? ಪಾಪದವ ಮಾರಾಯ್ರೆ. ಹೋದ ಕ್ರಿಸ್ಮಸಿಗೆ ನಮ್ಮ ಫ್ರಿಜ್ ಹಾಳಾಗಿತ್ತು. ಗೋಣಿಯಲ್ಲಿ ಸುತ್ತಿ ಐಸ್ ಹೊತ್ತುಕೊಂಡು ಬಂದ. ಕೇಕ್ ಕೊಟ್ರೆ ನಾಚಿಕೊಂಡು ನಿಂತೇ ತಿಂದ."

"ದೋಣಿಯ ಕೆಲಸ ಅಂತ ಕೇಳಿದ್ದೆ..."

"ದೋಣಿಯಾ? ಅವನಿಗೆ ದೋಣಿಯಲ್ಲಿ ಕೂತ್ರೆ ವಾಂತಿ!" ಅವರು ನಕ್ಕರು. ನಗು ನಿಂತ ಮೇಲೆ ಸ್ವರ ತಗ್ಗಿಸಿದರು. "ಊರಲ್ಲಿ ಒಂದು ಸಂಬಂಧ ಆಗ್ಲಿಕ್ಕಿತ್ತಂತೆ. ಯಾರೋ ಎಂತದೋ ಹೇಳಿ ತಪ್ಪಿಸಿದ್ರಂತೆ. ಈಗ ಹೆಣ್ಣು ಕೇಳ್ಲಿಕ್ಕೆ ಹೋದಲ್ಲೆಲ್ಲ ಮೊದಲು ಕಳ್ಳಮಾಲಿನ ವಿಷಯ ಕೇಳ್ತಾರಂತೆ. ಇನ್ನೂ ಮದುವೆ ಆಗ್ಲಿಲ್ಲ ಅವನಿಗೆ."

ಇನ್ನೂ ಮದುವೆ ಆಗ್ಲಿಲ್ಲ. ಆ ಮಾತು ಕೇಳಿದಾಗ ನನ್ನ ಕೈಯಲ್ಲಿ ಬಿರಿಯಾನಿಯ ಪೇಪರ್ ತಟ್ಟೆ ಇತ್ತು. ಗಾಳಿಗೆ ಮರಳು ಬಿದ್ದು ಅನ್ನ ಕರಕರ ಎನ್ನುತ್ತಿತ್ತು. ಅದನ್ನೇ ಪೂರ್ತಿ ತಿಂದೆ.

ಆಗ ಕಾಲ ಮೀರಿರಲಿಲ್ಲ. ತಂಗಿಗೂ ಆಗಿರಲಿಲ್ಲ, ಅವನಿಗೂ ಆಗಿರಲಿಲ್ಲ. ಇನ್ನೊಂದು ಕ್ಯಾಸೆಟ್ಟಿನಲ್ಲಿ, ಅಮ್ಮಾ ನನಗೆ ತಪ್ಪು ಸುದ್ದಿ ಸಿಕ್ಕಿತ್ತು ಎಂದಿದ್ದರೆ ಸಾಕಿತ್ತು. ಅದಾದ ಮೇಲೆ ಎಷ್ಟೋ ಕ್ಯಾಸೆಟ್ ಕಳಿಸಿದೆ. ಮಗಳ ಚಪ್ಪಲಿಯ ಅಳತೆ ಕೇಳಿದೆ. ಖರ್ಜೂರವನ್ನು ಕೆಡದಂತೆ ಇಡುವುದು ಹೇಗೆಂದು ಹೇಳಿದೆ. ಪ್ರತಿ ಸಲವೂ ಇನ್ನೊಂದು ಸಲ ಹೇಳುವ ಎಂದುಕೊಂಡೆ. ಹೇಳಿದರೆ, ನಾನೇ ವಿಚಾರಿಸಿದ್ದೇನೆ ಎಂದದ್ದಕ್ಕೆ ಏನು ಉತ್ತರ ಕೊಡುವುದು? ಮತ್ತೆ, ಮಗಳನ್ನು ಯಾರು ನೋಡಿಕೊಳ್ಳುತ್ತಾರೆ?

ಒಂದೆರಡು ವರ್ಷದಲ್ಲಿ ಅವನಿಗೆ ಎಲ್ಲೋ ದೂರದ ಹೆಣ್ಣು ಸಿಕ್ಕಿ ಮದುವೆಯಾಯಿತೆಂದು ಕೇಳಿದೆ. ನನಗೆ ಸಮಾಧಾನವಾಯಿತು. ಅವನು ಸಂಸಾರ ಹೂಡಿದನಲ್ಲ ಎಂದಲ್ಲ, ಇನ್ನು ಹೇಳಿ ಪ್ರಯೋಜನವಿಲ್ಲವಲ್ಲ ಎಂದು. ಹೀಗೆ ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೆ ಆದದ್ದು ಹಾಗೆಯೇ.

ತೊಂಬತ್ತರ ನಂತರ ಗಂಡನ ಸಂಬಳ ಸ್ವಲ್ಪ ಏರಿತು, ಶಾಲೆಗೆ ವ್ಯಾನ್ ಬಂತು, ಮಗಳನ್ನು ಕರೆಸಿಕೊಂಡೆವು. ತಂಗಿ ಅವಳಿಗೆ ಒಂದು ಮೊಳ ಮಲ್ಲಿಗೆ ಮುಡಿಸಿ ಕಳಿಸಿದ್ದಳು. ವಿಮಾನದಿಂದ ಇಳಿಯುವಾಗ ಅದು ಕಂದಿ ಕಪ್ಪಾಗಿತ್ತು. ಅದನ್ನು ತೆಗೆಯಲು ಮಗಳು ನನಗೆ ಬಿಡಲಿಲ್ಲ. ತಂಗಿಗೆ ಆಗ ಮೂವತ್ತು ದಾಟಿತ್ತು. ಸಂಬಂಧ ಕೇಳಿಕೊಂಡು ಬರುವವರು ನಿಂತಿದ್ದರು.

ಮಗಳು ಒಂಬತ್ತನೆಯ ಕ್ಲಾಸಿಗೆ ಬರುವಷ್ಟರಲ್ಲಿ ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಅವಳು ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡಿದ್ದಳು. ನಾನು ಬಂಗುಡೆ ಶುಚಿ ಮಾಡುತ್ತಿದ್ದೆ. ತಪ್ಪು ತಿಳಿವಳಿಕೆ, ತಪ್ಪು ಮಾಹಿತಿಗೆ ಇಂಗ್ಲಿಷಿನಲ್ಲಿ ಏನೇನು ಶಬ್ದಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ, ಒಂದೊಂದಕ್ಕೂ ಒಂದು ವಾಕ್ಯ ಮಾಡಿಕೊಂಡು ಬನ್ನಿ ಎಂದು ಟೀಚರ್ ಹೇಳಿದ್ದರು.

"ಅಷ್ಟೆಲ್ಲ ಶಬ್ದ ಯಾಕೆ? ತಪ್ಪು ಅಂದ್ರೆ ತಪ್ಪು," ಎಂದೆ.

"ನೋ ಅಮ್ಮಾ, ಎಲ್ಲ ಡಿಫರೆಂಟ್. ಎರರ್ ಅಂದ್ರೆ ಮೆಷಿನಿಗೂ ಆಗ್ತದೆ. ಮಿಸ್ಟೇಕ್ ಮನುಷ್ಯರಿಗೆ. ಮಿಸ್‌ಅಂಡರ್‌ಸ್ಟ್ಯಾಂಡಿಂಗ್‌ಗೆ ಇಬ್ಬರು ಬೇಕು. ಒಬ್ಬರು ಹೇಳಿದ್ದು, ಇನ್ನೊಬ್ಬರಿಗೆ ಅರ್ಥವಾದದ್ದು ಬೇರೆ."

"ಮತ್ತೆ?"

"ಮಿಸ್‌ಕನ್ಸೆಪ್ಷನ್. ತುಂಬಾ ಜನ ನಂಬಿಕೊಂಡಿರುವ ತಪ್ಪು. ಲೈಕ್, ಅಜ್ಜಿ ಒಮಾನ್ ಅಂದ್ರೆ ಒಂದೇ ಊರು ಅಂತ ತಿಳ್ಕೊಂಡಿದ್ದಾರಲ್ಲ, ಹಾಗೆ. ರೂಮರ್ ಅಂದ್ರೆ ಯಾರು ಶುರು ಮಾಡಿದ್ದು ಅಂತಲೇ ಗೊತ್ತಿಲ್ಲ. ಹಾಫ್ ಟ್ರೂತ್ ಅಂದ್ರೆ ಅರ್ಧ ನಿಜ. ಟೀಚರ್ ಹೇಳಿದ್ರು, ಅದು ಪೂರ್ತಿ ಸುಳ್ಳಿಗಿಂತ ಡೇಂಜರ್ ಅಂತೆ."

ಬಟ್ಟೆಯಂಗಡಿಯಲ್ಲಿ ಒಂದೊಂದೇ ರವಿಕೆಯನ್ನು ಮೈಗೆ ಹಿಡಿದು ನೋಡುವ ಹಾಗೆ ನಾನು ಒಂದೊಂದೇ ಶಬ್ದವನ್ನು ನನಗೆ ಹಿಡಿದು ನೋಡಿದೆ. ಮಿಸ್ಟೇಕ್ ಎಂದರೆ ಹಿತವಾಗಿತ್ತು. ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಇನ್ನೂ ಹಿತ, ಅದರಲ್ಲಿ ಅರ್ಧ ಭಾರ ಬೇರೆಯವರದು. ಇಷ್ಟು ಶಬ್ದಗಳಲ್ಲಿ ನನಗೆ ಸರಿಹೊಂದುವ, ಚುಚ್ಚದ ಶಬ್ದ ಒಂದಾದರೂ ಇರಬೇಕು ಅನ್ನಿಸಿತು. ಮೀನಿನ ಕೈಯನ್ನು ತೊಳೆದುಕೊಂಡು ಅವಳೆದುರು ಕುಳಿತೆ.

"ಒಬ್ಬಳು ಯಾರೋ ಹೇಳಿದ್ದನ್ನು ಕೇಳಿ ಇನ್ನೊಬ್ಬರಿಗೆ ಹೇಳಿದಳು ಅಂತಿಟ್ಕೋ. ಅದು ಸುಳ್ಳಾಗಿತ್ತು. ಅವಳದ್ದು ಯಾವುದು?"

"ಸುಳ್ಳು ಅಂತ ಅವಳಿಗೆ ಗೊತ್ತಿತ್ತಾ?"

"ಇಲ್ಲ."

"ನಿಜ ಅಂತ ಗೊತ್ತಿತ್ತಾ?"

"ಅದೂ ಇಲ್ಲ."

"ಗೊತ್ತಿಲ್ಲ ಅಂತ ಹೇಳಿದ್ಳಾ?"

ಒದ್ದೆ ಕೈಯನ್ನು ಸೆರಗಿಗೆ ಒರೆಸಿದೆ. "ವಿಚಾರಿಸಿದ್ದೇನೆ ಅಂದ್ಳು."

ಮಗಳು ಪೆನ್ನು ಕೆಳಗಿಟ್ಟಳು.

"ಅಮ್ಮಾ, ಐ ವಾಸ್ ದೇರ್."

ಅವಳಿಗೆ ಆಗ ಐದೋ ಆರೋ ವರ್ಷ, ಮರೆತಿರುತ್ತಾಳೆ ಎಂದುಕೊಂಡಿದ್ದೆ. ಅವಳು ಮರೆಯದಿದ್ದದ್ದಕ್ಕೆ ಕಾರಣವೂ ಇತ್ತು. ಆ ದಿನ ಜಗಲಿಯಲ್ಲಿ ಕ್ಯಾಸೆಟ್ ಹಾಕಿದಾಗ ಚಿಕ್ಕಮ್ಮ ಅವಳಿಗೆ ಎರಡು ಜಡೆ ಹೆಣೆಯುತ್ತಿದ್ದಳಂತೆ. ಒಂದು ಮುಗಿದಿತ್ತು. ನನ್ನ ಮಾತು ಬಂದಾಗ ಬಾಚಣಿಗೆ ಕೂದಲಿನಲ್ಲೇ ನಿಂತಿತು. ಚಿಕ್ಕಮ್ಮ ಎದ್ದು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಚಹಾ ತಂದಳು. ದಲ್ಲಾಳಿಗೆ ಸಕ್ಕರೆ ಸಾಕಾ ಎಂದು ಕೇಳಿದಳು. ಇನ್ನೊಂದು ಜಡೆ ಹಾಕಲಿಲ್ಲ.

"ನಾನು ಹಾಗೇ ಆಡ್ಲಿಕ್ಕೆ ಹೋದೆ. ಎಲ್ಲರೂ ನಗಾಡಿದ್ರು, ಒಂದೇ ಜಡೆ ಅಂತ." ಅವಳು ಪುಸ್ತಕದ ಕಡೆ ನೋಡುತ್ತಿದ್ದಳು. "ನೀವು ವಿಚಾರಿಸ್ಲಿಲ್ವಾ?"

"ಇಲ್ಲ ಮಗಾ."

"ಹಾಗಾದ್ರೆ ಖಸಬ್‌ನ ವಿಷಯ ರೂಮರ್. ವಿಚಾರಿಸಿದ್ದೇನೆ ಅಂದದ್ದು ಲೈ." ಟೀಚರಿಗೆ ಉತ್ತರ ಹೇಳಿದ ಹಾಗೆ ಹೇಳಿದಳು.

"ಮತ್ತೆ... ಗೊತ್ತಾದ ಮೇಲೂ ಹೇಳದೆ ಇದ್ದದ್ದು?"

ಕೇಳಬಾರದಿತ್ತು. ಅವಳು ತಲೆಯೆತ್ತಿದಳು. "ನಿಮಗೆ ಗೊತ್ತಾಗಿತ್ತಾ?"

ಅವಳು ಪುಸ್ತಕ ಒಟ್ಟುಮಾಡಿಕೊಂಡು ಎದ್ದಳು. ಬಾಗಿಲಿನ ಹತ್ತಿರ ನಿಂತು, "ಅದಕ್ಕೆ ಟೀಚರ್ ಶಬ್ದ ಕೊಡ್ಲಿಲ್ಲ," ಎಂದಳು. ಆ ವಾರವೆಲ್ಲ ನನ್ನೊಡನೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲಿಲ್ಲ. ತುಳುವಿನಲ್ಲಿ ಊಟಕ್ಕೆ ಕರೆದರೆ "ಕಮಿಂಗ್," ಬೇಕಾ ಎಂದರೆ "ನೋ, ಥ್ಯಾಂಕ್ಸ್." ನನ್ನ ಮನೆಯಲ್ಲೇ ಆಫೀಸಿನವರು ಬಂದು ಕುಳಿತ ಹಾಗೆ.

ಆ ಬೇಸಿಗೆಯ ರಜೆಗೆ ಊರಿಗೆ ಹೋದಾಗ ಹೇಳಲೇಬೇಕಾಯಿತು. ಮಗಳು ನನಗೆ ಹೇಳು ಎಂದಿರಲಿಲ್ಲ. ನಾನು ಎಲ್ಲಿದ್ದರೂ ಅವಳ ಕಣ್ಣು ಅಲ್ಲಿರುತ್ತಿತ್ತು, ಅಷ್ಟೇ. ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಳು. ತಂಗಿ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕುಳಿತು ನಾನೂ ಎಲೆ ಕತ್ತರಿಸತೊಡಗಿದೆ. ಕೈ ಮರೆತಿರಲಿಲ್ಲ.

ಎಲ್ಲ ಹೇಳಿದೆ. ಶುಕ್ರವಾರದ ಊಟ, ಡ್ರೈವರಿಗೆ ಕಾಯದೆ ಕ್ಯಾಸೆಟ್ ಕಳಿಸಿದ್ದು, ಮರುವರ್ಷ ನಿಜ ತಿಳಿದದ್ದು, ಆಮೇಲೂ ಬಾಯಿ ಮುಚ್ಚಿಕೊಂಡಿದ್ದು. ಅವಳ ಕೈ ನಿಲ್ಲಲಿಲ್ಲ. ಎಲೆಗೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಸುತ್ತಿ ಕತ್ತರಿಸುತ್ತಲೇ ಇದ್ದಳು. ನಾನು ಮುಗಿಸಿದಾಗ ಒಂದು ಕಟ್ಟು ಆಗಿತ್ತು.

"ಮಗು ನನ್ನ ಹತ್ರವೇ ಇರ್ಲಿ ಅಂತಾ?" ಎಂದಳು.

ಅದೊಂದನ್ನು ನಾನು ಹೇಳಿರಲಿಲ್ಲ.

"ಹೌದು," ಎಂದೆ.

"ಕೇಳಿದ್ರೆ ಇಟ್ಕೊಳ್ತಿದ್ದೆನಲ್ಲ ಅಕ್ಕ. ಮದುವೆ ಆಗಿಯೂ ಇಟ್ಕೊಳ್ತಿದ್ದೆ. ಹೊಳೆಯಾಚೆ ಶಾಲೆ ಇಲ್ವಾ?"

ನಾನು ಅಳತೊಡಗಿದೆ. ಏನೇನೋ ಹೇಳಿದೆ. ಮಗಳು ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಹೆಸರು ಹೇಳಿದ್ದಾಳೆ, ನನ್ನದು ಯಾವುದೆಂದು ಗೊತ್ತಾಗಿದೆ ಎಂದೆಲ್ಲ.

"ಇಂಗ್ಲಿಷೆಲ್ಲ ನಿನ್ನ ಮಗಳ ಹತ್ರ ಇಟ್ಕೋ," ತಂಗಿ ಹೇಳಿದಳು. "ಎಲೆ ಒದ್ದೆ ಆಗ್ತದೆ, ಆಚೆ ತಿರುಗಿ ಅಳು."

ಬೈದಿದ್ದರೆ ಒಳ್ಳೆಯದಿತ್ತು. ಇನ್ನೊಂದು ಎಲೆ ಎತ್ತಿಕೊಂಡು ಅವಳೇ ಕೇಳಿದಳು, "ಖಸಬ್ ಹೇಗುಂಟು?"

"ನಾನು ನೋಡ್ಲಿಲ್ಲ."

"ಇವತ್ತಿನವರೆಗೂ?" ಅವಳು ನಕ್ಕಳು. ಕೇಳಲಾಗದಂಥ ನಗು. "ಸಂಬಂಧ ಬಂದಾಗ ನಾನು ಒಂದು ಖಸಬ್ ಕಟ್ಟಿಕೊಂಡಿದ್ದೆ, ತಲೆಯೊಳಗೆ. ಸಮುದ್ರ ಉಂಟಂತೆ ಅಂತ ಕೇಳಿ ಖುಷಿಯಾಗಿತ್ತು. ಮನೆ ಎಲ್ಲಿ, ಅಂಗಡಿ ಎಲ್ಲಿ ಎಲ್ಲ ಮಾಡಿಟ್ಟಿದ್ದೆ. ನಿನ್ನ ಕ್ಯಾಸೆಟ್ ಬಂದ ಮೇಲೆ ಅದೇ ಊರಲ್ಲಿ ಬರೀ ಕಳ್ಳರ ದೋಣಿ. ಈಗ ಅದೂ ಅಲ್ಲ ಅಂತಿ. ಹಾಗಾದ್ರೆ ಯಾವುದು?" ಬೀಡಿಗಳನ್ನು ಮೊರದ ಅಂಚಿಗೆ ಸರಿಸಿದಳು. "ಒಮ್ಮೆ ಹೋಗಿ ನೋಡು. ನೋಡಿ ಹೇಳು. ಕೇಳಿದ್ದನ್ನು ಹೇಳ್ಬೇಡ."

ಅದೇ ವರ್ಷ, ಬಿಸಿಲು ಇಳಿದ ಮೇಲೆ, ಗಂಡನನ್ನು ಒತ್ತಾಯಿಸಿ ಖಸಬ್‌ಗೆ ಹೋದೆ. ಸಣ್ಣ ವಿಮಾನ. ಬರಿ ಕಲ್ಲಿನ ಬೆಟ್ಟಗಳ ನಡುವೆ ಅದು ಇಳಿಯುವಾಗ ರೆಕ್ಕೆ ತಾಗಿತೆಂದು ಕಣ್ಣು ಮುಚ್ಚಿದೆ, ಕೂಡಲೇ ತೆರೆದೆ. ನೋಡಲಿಕ್ಕೆ ಬಂದವಳು ಕಣ್ಣು ಮುಚ್ಚಿದರೆ ಹೇಗೆ?

ಐಸ್ ಫ್ಯಾಕ್ಟರಿಯನ್ನು ಹುಡುಕಿಕೊಂಡು ಹೋದೆವು. ಬಾಗಿಲಿನಲ್ಲಿ ರಬ್ಬರ್ ಬೂಟು ಹಾಕಿದ್ದ ಪಾಕಿಸ್ತಾನಿ ಮುದುಕನೊಬ್ಬ ನೆಲಕ್ಕೆ ನೀರು ಹಾಯಿಸುತ್ತಿದ್ದ. ನಮ್ಮ ಊರಿನ ಉದ್ದದವನ ಬಗ್ಗೆ ಗಂಡ ಹಿಂದಿಯಲ್ಲಿ ಕೇಳಿದರು. "ವೋ ತೋ ಕಬ್ ಕಾ ಚಲಾ ಗಯಾ," ಅವನು ಹೋಗಿ ಎಷ್ಟೋ ಕಾಲವಾಯಿತು ಎಂದು ಮುದುಕ ಕೈಯಾಡಿಸಿದ. ಆಮೇಲೆ ನನ್ನ ಕಡೆ ನೋಡಿ, "ಬಹನ್ ಹೋ ಉಸ್ಕೀ?" ಎಂದ. ಅವನ ಸಹೋದರಿಯಾ ಎಂದು ಕೇಳಿದ್ದು. ಅಲ್ಲ ಎಂದೆ. ಮತ್ತೆ ಯಾರು ಎಂದು ಅವನು ಕೇಳಲಿಲ್ಲ, ನನಗೂ ಹೇಳಲು ಬರುತ್ತಿರಲಿಲ್ಲ.

ಲಾಡ್ಜಿನ ಕಿಟಕಿಯಿಂದ ದೋಣಿ ನಿಲ್ಲುವ ದಕ್ಕೆ ಕಾಣುತ್ತಿತ್ತು. ಊರಿನಲ್ಲಿ ಆಗಲೇ ಫೋನು ಬಂದಿತ್ತು, ಯಾರೂ ಕ್ಯಾಸೆಟ್ ಕಳಿಸುತ್ತಿರಲಿಲ್ಲ. ಆದರೂ ಹಳೆಯ ರೆಕಾರ್ಡರನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಏಸಿ ನಿಲ್ಲಿಸಿದೆ. ಕಿಟಕಿಯ ಹತ್ತಿರ ಕುಳಿತು ಬಟನ್ ಒತ್ತಿದೆ.

"ತಂಗೀ, ಬೆಟ್ಟ ಸಮುದ್ರದವರೆಗೂ ಬಂದುಂಟು. ಒಂದು ಹಸಿರು ಇಲ್ಲ, ಎಲ್ಲ ಕಂದು. ನೀರು ಮಾತ್ರ ತುಂಬಾ ನೀಲಿ. ಖರ್ಜೂರದ ತೋಟ ಸ್ವಲ್ಪ ಉಂಟು. ಅಂಗಡಿ ಸಾಲು ಒಂದೇ, ಅದರಲ್ಲಿ ಒಂದು ಕೇರಳದವರ ಹೋಟೆಲ್, ಚಹಾ ಒಳ್ಳೆದುಂಟು. ಐಸ್ ಫ್ಯಾಕ್ಟರಿಗೆ ನೀಲಿ ಬಾಗಿಲು. ಒಳಗೆ ಐಸಿನ ದೊಡ್ಡ ದೊಡ್ಡ ತುಂಡು ಜಾರಿ ಬರುವುದನ್ನು ನೋಡಿದೆ. ಹೊರಗೆ ನಿಂತರೂ ಕಾಲಿಗೆ ತಂಪು ತಾಗ್ತದೆ. ಅವನು ಕೆಲಸ ಮಾಡಿದ ಜಾಗ ಅದೇ. ಅವನನ್ನು ನಾನು ನೋಡ್ಲಿಲ್ಲ, ಯಾವತ್ತೂ ನೋಡ್ಲಿಲ್ಲ.

ಬೆಳಿಗ್ಗೆ ದೋಣಿಗಳು ಬಂದವು. ಆಡು ಇಳಿಸಿದ್ರು. ಈಗ ಸಂಜೆ. ಅದೇ ದೋಣಿಗೆ ಪೆಟ್ಟಿಗೆ ತುಂಬಿಸ್ತಾ ಇದ್ದಾರೆ, ಮೇಲೆ ಟಾರ್ಪಾಲ್ ಕಟ್ಟುತ್ತಿದ್ದಾರೆ. ಪೆಟ್ಟಿಗೆಯೊಳಗೆ ಎಂತ ಉಂಟು ಅಂತ ನಾನು ನೋಡ್ಲಿಲ್ಲ."

ಊರಿಗೆ ಹೋಗುವವರ ಕೈಯಲ್ಲಿ ಆ ಕ್ಯಾಸೆಟ್ ಕಳಿಸಿದೆ. ಆಮೇಲೆ ಎಷ್ಟೋ ಸಲ ತಂಗಿ ಫೋನಿನಲ್ಲಿ ಸಿಕ್ಕಿದ್ದಾಳೆ. ಅಮ್ಮನ ಮದ್ದಿನ ವಿಷಯ, ಮಗಳ ಪರೀಕ್ಷೆಯ ವಿಷಯ ಮಾತಾಡುತ್ತಾಳೆ. ಕ್ಯಾಸೆಟ್ ಸಿಕ್ಕಿತಾ ಎಂದು ಕೇಳಿದ್ದಕ್ಕೆ ಸಿಕ್ಕಿತು ಎಂದಳು. ಕೇಳಿದೆಯಾ ಎಂದು ನಾನು ಕೇಳಲಿಲ್ಲ.

ನಾವು ಕಳಿಸಿದ ಕ್ಯಾಸೆಟ್ಟುಗಳೆಲ್ಲ ಅವರ ಸ್ವರ ಹೊತ್ತು ನಮ್ಮಲ್ಲಿಗೆ ಮರಳಿ ಬಂದಿದ್ದವು. ಅದೊಂದು ಬರಲಿಲ್ಲ.